ಗೇರಿನ ಟೀ ಸೊಳ್ಳೆ: ಬಣ್ಣ ಬಿಡಿ, ಬೆನ್ನು ನೋಡಿ

ಅಣ್ಣ, ಗೇರು ಚಿಗುರಿನ ಮೇಲೆ ಸಿಕ್ಕಿದ ಒಂದು ಕಪ್ಪು, ಒಂದು ಕೆಂಪು ಕೀಟದ ಫೋಟೋ ಹಾಕಿ ಎರಡರಲ್ಲಿ ಟೀ ಸೊಳ್ಳೆ ಯಾವುದು ಅಂತ ಕೇಳಿದ್ದೀರಲ್ಲ, ಎರಡೂ ಅದೇ ಆಗಿರುವ ಚಾನ್ಸ್ ಜಾಸ್ತಿ. ಟೀ ಸೊಳ್ಳೆಯಲ್ಲಿ ಬ್ರಾಡಿ, ಆಂಟೋನಿ ಅಂತ ಬೇರೆ ಬೇರೆ ಜಾತಿ ಉಂಟು; ಕಪ್ಪು ಅಂದ್ರೆ ಬ್ರಾಡಿ, ಕೆಂಪು ಅಂದ್ರೆ ಆಂಟೋನಿ ಅಂತ ಕೆಳಗೆ ಕಮೆಂಟಲ್ಲಿ ಒಬ್ರು ಬರೆದಿದ್ದಾರೆ, ಅದನ್ನ ನಂಬಿ ಕೂರಬೇಡಿ ಮಾರಾಯ್ರೆ. ಒಂದೇ ಜಾತಿಯಲ್ಲೇ ಬೆನ್ನಿನ ಬಣ್ಣ ಕಪ್ಪಿನಿಂದ ಕೆಂಗಂದಿನವರೆಗೆ ಬದಲಾಗ್ತದೆ.

ಹೆಸರು ಸೊಳ್ಳೆ ಅಂತ ಇದ್ರೂ ಇದು ರಸ ಹೀರುವ ತಿಗಣೆ, ಮಿರಿಡೆ ಕುಟುಂಬದ್ದು. ಲೆನ್ಸ್ ಇದ್ರೆ ನೋಡಿ, ರೆಕ್ಕೆಯ ಗಟ್ಟಿ ಭಾಗ ಮುಗಿಯುವಲ್ಲಿ ಒಂದು ಸಣ್ಣ ತ್ರಿಕೋನ ತುಂಡು ಉಂಟು, ಅದು ಈ ಕುಟುಂಬದ ಗುರುತು. ಆದರೆ ಮಿರಿಡ್ ಅಂದ ಕೂಡ್ಲೆ ಶತ್ರು ಅಂತಲ್ಲ, ಗದ್ದೆಯಲ್ಲಿ ಜಿಗಿಹುಳದ ಮೊಟ್ಟೆ ತಿನ್ನುವ ಹಸಿರು ತಿಗಣೆಯೂ ಇದೇ ಕುಟುಂಬ.

ಇನ್ನು ಹೆಲೋಪೆಲ್ಟಿಸ್, ಅಂದ್ರೆ ಟೀ ಸೊಳ್ಳೆಯ ಗುಂಪು, ಹೌದೋ ಅಲ್ಲವೋ ಅಂತ ನೋಡ್ಲಿಕ್ಕೆ ಒಂದೇ ಗುರುತು ಸಾಕು. ಬೆನ್ನ ಮೇಲೆ, ರೆಕ್ಕೆ ಶುರುವಾಗುವಲ್ಲಿ, ಗುಂಡುಸೂಜಿ ಚುಚ್ಚಿಟ್ಟ ಹಾಗೆ ಒಂದು ಕಡ್ಡಿ ಮೇಲಕ್ಕೆ ನಿಂತಿರ್ತದೆ, ತುದಿಯಲ್ಲಿ ಗುಬುಟು. ನಿಮ್ಮ ಫೋಟೋ ಮೇಲಿನಿಂದ ತೆಗೆದದ್ದು, ಹಾಗಾಗಿ ಅದು ಬರೀ ಚುಕ್ಕೆ ಥರ ಕಾಣ್ತಾ ಉಂಟು, ಸೈಡಿಂದ ತೆಗೀರಿ. ಮೊಟ್ಟೆಯಿಂದ ಆಗಷ್ಟೇ ಬಂದ ಮರಿಗೆ ಈ ಕಡ್ಡಿ ಇರುವುದಿಲ್ಲ, ಒಂದು ಸಲ ಪೊರೆ ಬಿಟ್ಟ ಮೇಲೆ ಬರ್ತದೆ, ಅದಕ್ಕೇ ಚಿಕ್ಕ ಮರಿಯನ್ನ ಇರುವೆ ಅಂತ ಬಿಡುವವರೂ ಇದ್ದಾರೆ. ದೊಡ್ಡದಕ್ಕೂ ಕಡ್ಡಿ ಇಲ್ಲ, ಆದ್ರೆ ಚಿಗುರು ಅದೇ ರೀತಿ ಕಪ್ಪಾಗಿ ಕರಟಿದೆ ಅಂದ್ರೆ ಪ್ಯಾಕಿಪೆಲ್ಟಿಸ್ ಅನ್ನುವ ಇದೇ ಕುಟುಂಬದ ಬೇರೆ ತಿಗಣೆ ಇರಬಹುದು, ಅದೂ ಗೇರಿಗೆ ಬರ್ತದೆ. ಮೊಟ್ಟೆ ಹುಡುಕುವುದಾದ್ರೆ ಎಳೆ ದಂಟು, ತೊಟ್ಟು ನೋಡಿ: ಮೊಟ್ಟೆ ಒಳಗೆ ಹೂತಿರ್ತದೆ, ಹೊರಗೆ ಎರಡು ಸಪೂರ ಬಿಳಿ ಎಳೆ ಮಾತ್ರ ಕಾಣುವುದು, ಒಂದು ಉದ್ದ ಒಂದು ಗಿಡ್ಡ.

ಜಾತಿ ವಿಷಯಕ್ಕೆ ಬಂದ್ರೆ ನಮ್ಮ ಕಡೆ ಗೇರಿನಲ್ಲಿ ಜಾಸ್ತಿ ಇರುವುದು ಆಂಟೋನಿ. ಬ್ರಾಡಿ ಅಲ್ಲದೆ ಥೀವೋರಾ ಅಂತ ಮೂರನೇ ಜಾತಿಯೂ ಉಂಟು, ಅದು ಮುಖ್ಯವಾಗಿ ಅಸ್ಸಾಂ ಕಡೆಯ ಚಹಾ ತೋಟದ ಪೀಡೆ, ಹಾಗಂತ ಗೇರಿನಲ್ಲಿ ಸಿಗುವುದೇ ಇಲ್ಲ ಅಂತಲ್ಲ. ಯಾವ ಗಿಡದಲ್ಲಿ ಸಿಕ್ತು ಅನ್ನುವುದರ ಮೇಲೆ ಜಾತಿ ಹೇಳ್ಲಿಕ್ಕೂ ಆಗುವುದಿಲ್ಲ, ಯಾಕಂದ್ರೆ ಆಂಟೋನಿ ಪೇರಳೆ, ಕೊಕ್ಕೊ, ಬೇವು ಎಲ್ಲದಕ್ಕೂ ಹೋಗ್ತದೆ. ಗ್ಯಾರಂಟಿ ಬೇಕಾದ್ರೆ ಗಂಡಿನ ಜನನಾಂಗ ಬಿಡಿಸಿ ಮೈಕ್ರೋಸ್ಕೋಪಲ್ಲಿ ನೋಡ್ಬೇಕು, ಅದು ನಮ್ಮ ಕೆಲಸ ಅಲ್ಲ.

ಹಾಗೆ ನೋಡಿದ್ರೆ ತೋಟ ನೋಡಿಕೊಳ್ಳುವವನಿಗೆ ಜಾತಿ ಯಾವುದಾದ್ರೇನು, ಮೂರರ ಹಾವಳಿಯೂ ಒಂದೇ ನಮೂನೆ. ಚಿಗುರು ಬರುವಾಗಲೂ ಹೂ ಬಿಡುವಾಗಲೂ ಬೆಳಿಗ್ಗೆ ಹೋಗಿ ನೋಡಿ. ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪು ಇರುವೆ) ಗೂಡಿದ್ದ ಮರ ಇದ್ರೆ ಅದನ್ನ ಹಾಗೇ ಬಿಡಿ, ಕಚ್ತದೆ ಅಂತ ಸುಡಬೇಡಿ, ಈ ತಿಗಣೆಯನ್ನ ಹಿಡಿಯುವುದರಲ್ಲಿ ಅದು ಜೋರು.

ಜಾತಿ ಗೊತ್ತಾಗಲೇಬೇಕು ಅಂತಿದ್ರೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ಮೊದ್ಲು ವಿಚಾರಿಸಿ. ಸ್ವಲ್ಪ ಜಾಸ್ತಿಯೇ ಹಿಡೀರಿ, ಗಂಡು ಸಿಗಬೇಕಲ್ಲ. ಹೆಣ್ಣಿಗೆ ಹೊಟ್ಟೆಯ ಅಡಿಯಲ್ಲಿ ಮೊಟ್ಟೆ ಇಡುವ ಗರಗಸದ ಸೀಳು ಕಾಣ್ತದೆ, ಗಂಡಿಗೆ ಅದಿಲ್ಲ. ಆಲ್ಕೋಹಾಲ್ ಬಾಟ್ಲಿಗೆ ಹಾಕಿ, ಯಾವ ಮರ, ಯಾವ ಊರು, ತಾರೀಕು ಎಲ್ಲ ಚೀಟಿಯಲ್ಲಿ ಬರೆದು ಒಳಗೇ ಹಾಕಿ, ಪೆನ್ಸಿಲಲ್ಲಿ ಬರೀರಿ, ಪೆನ್ನಿನ ಶಾಯಿ ಕರಗಿ ಹೋಗ್ತದೆ.