ಶಿವಮೊಗ್ಗದಲ್ಲಿ ಹೊಳೆ, ಕಾಡು ನೋಡ್ಕೊಂಡು ಓಡೋಕೆ ಯಾವ ದಾರಿ ಒಳ್ಳೇದು?

ಲಾಲ್‌ಬಾಗಲ್ಲಿ ದಿನಾ 8 ಕಿ.ಮೀ. ಓಡ್ತಿದ್ರಿ, ಈಗ ವರ್ಗವಾಗಿ ಶಿವಮೊಗ್ಗಕ್ಕೆ ಬಂದಿದ್ದೀರಿ, ಹೊಳೆಯೂ ಕಾಡೂ ಸಿಗೋ ದಾರಿ ಬೇಕು, ಟ್ರೇಲ್ ಶೂ ತಗೋಬೇಕಾ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವನು, ಕೆಲಸ ಶಿವಮೊಗ್ಗದಲ್ಲಿ. ಓಡೋಕೆ ಶುರು ಮಾಡಿ 9 ವರ್ಷ ಆಯ್ತು.

ಮೊದಲೇ ಹೇಳಿಬಿಡ್ತೀನಿ: ಕಾಡಿನೊಳಗೆ ಓಡೋ ಆಸೆ ಬಿಡಿ. ಇಲ್ಲಿ ಚೆಂದ ಇರೋದು ಕಾಡಿನ ಅಂಚು. ಗದ್ದೆ ಮುಗಿದು ತೋಟ ಶುರುವಾಗೋ ಜಾಗ, ತೋಟ ಮುಗಿದು ಗುಡ್ಡ ಏಳೋ ಜಾಗ. ಶೆಟ್ಟಿಹಳ್ಳಿ ಕಡೆಯದು 1974ರಿಂದ ಅಭಯಾರಣ್ಯ. ಆನೆ ಇದೆ, ಕಾಟಿ (ಕಾಡುಕೋಣ) ಇದೆ, ಚಿರತೆ, ಕರಡಿ ಎಲ್ಲ ಇವೆ. ಅನುಮತಿ ಇಲ್ಲದೆ ಒಳಗೆ ಹೋಗೋ ಹಾಗಿಲ್ಲ, ಹೋಗಲೂಬೇಡಿ. ಒಂದು ಸಲ ಮಂಡಗದ್ದೆ ಹತ್ತಿರ ನೆಂಟರ ಮನೆಯಿಂದ ಬೆಳಗಿನ ಜಾವ ಹೊರಟಿದ್ದೆ. ತಿರುವು ದಾಟಿದ್ರೆ ರಸ್ತೆ ಮಧ್ಯ ಯಾರೋ ಬಿಳಿ ಕಾಲುಚೀಲ ಹಾಕ್ಕೊಂಡು ನಿಂತ ಹಾಗೆ ಕಾಣಿಸ್ತು. ನಾಲ್ಕು ಕಾಲಿಗೂ ಕಾಲುಚೀಲ. ಆಮೇಲೆ ಕಣ್ಣು ಮೇಲೆ ಹೋಯ್ತು: ಕಾಟಿ. ಅದು ಮೂಗಿನಿಂದ ಒಂದು ಉಸಿರು ಬಿಟ್ಟು ರಸ್ತೆ ಬದಿಯ ಧರೆ ಹತ್ತಿ ಹೋಯ್ತು. ನಾನು ವಾಪಸ್ ನಡ್ಕೊಂಡೇ ಬಂದೆ, ಓಡೋಕೆ ಮೊಣಕಾಲೇ ಇರಲಿಲ್ಲ.

ದಿನದ ಓಟಕ್ಕೆ ನನ್ನ ಜಾಗ ಚಾನಲ್ ಏರಿ. ಗಾಜನೂರು ಅಣೆಕಟ್ಟಿನಿಂದ ಹೊರಡೋ ತುಂಗಾ ನಾಲೆಗೆ ಇಲ್ಲಿ ಎಲ್ಲರೂ ಚಾನಲ್ ಅಂತಲೇ ಅನ್ನೋದು. ಮನೆಗಳು ಮುಗಿದು ಗದ್ದೆ ಶುರುವಾಗೋ ಕಡೆಯಿಂದ ಹಿಡ್ಕೊಳ್ಳಿ. ಮಣ್ಣಿನ ದಾರಿ, ಏರಿಳಿತ ಇಲ್ಲ, ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕೆಳಗೆ ಗದ್ದೆ. ಮಂಡಿಗೆ ಇದಕ್ಕಿಂತ ದಯೆಯ ದಾರಿ ಊರಲ್ಲಿಲ್ಲ. ನಾಟಿ ಸಮಯದಲ್ಲಿ ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಹಿಂದೆಯೇ ಸಾಲಾಗಿ ನಡೀತಿರ್ತವೆ. ನೀರು ತುಂಬಿ ಹರಿಯುವಾಗ ಮಾತ್ರ ಅಂಚಿಗೆ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಬೇಡ. ನಾಲೆಯ ಬದಿ ಜಾರಿದ್ರೆ ಹಿಡಿಯೋಕೆ ಏನೂ ಸಿಗಲ್ಲ. ಇಲ್ಲಿ ಒಂದಿನ ಹುಲ್ಲು ಹೊರೆ ಹೊತ್ತಿದ್ದ ಅಜ್ಜಿಯೊಬ್ಬರು ನನ್ನ ನೋಡಿ, “ಬಸ್ ತಪ್ಪೋಯ್ತಾ ಮಾರಾಯ?” ಅಂದ್ರು. ಇಲ್ಲ ಅಂದೆ. “ಮತ್ಯಾಕೆ?” ಅಂದ್ರು. ಉತ್ತರ ಇನ್ನೂ ಹುಡುಕ್ತಿದ್ದೀನಿ.

ಸ್ವಲ್ಪ ಉದ್ದ ಬೇಕಾದ್ರೆ ಮತ್ತೂರಿನ ರಸ್ತೆ. ಊರಿನಿಂದ ಸುಮಾರು 8 ಕಿ.ಮೀ., ಪೂರ್ತಿ ಹೋಗಿ ಬಂದ್ರೆ 16. ಸಂಸ್ಕೃತ ಗ್ರಾಮ ಅಂತ ಹೆಸರು ಕೇಳಿರ್ತೀರಿ, ಎದುರು ದಡದಲ್ಲಿ ಗಮಕಕ್ಕೆ ಹೆಸರಾದ ಹೊಸಹಳ್ಳಿ, ನಡುವೆ ತುಂಗೆ. ದಾರಿಯುದ್ದ ಅಡಿಕೆ ತೋಟ. ಬೇಸಿಗೆಯಲ್ಲಿ ತೋಟದ ಪಕ್ಕಕ್ಕೆ ಬಂದ ತಕ್ಷಣ ಮೈಗೆ ತಂಪು ತಗಲುತ್ತೆ. ಕೊಯ್ಲಿನ ಕಾಲದಲ್ಲಿ ಇನ್ನೊಂದು ಅನುಭವ: ಅಡಿಕೆ ಬೇಯಿಸೋ ಹಂಡೆಯ ಒಗರು ವಾಸನೆ ರಸ್ತೆಗೇ ಬರುತ್ತೆ, ನನಗಂತೂ ಕಾಫಿಗಿಂತ ಅದೇ ಎಚ್ಚರ ಕೊಡೋದು. ಆದ್ರೆ ಮಲೆನಾಡಿನ ಯಾವ ಅಡಿಕೆ ಊರಿಗೆ ಹೋದ್ರೂ ಅದೇ ತಿಂಗಳಲ್ಲಿ ಸುಲಿದ ಸಿಪ್ಪೆಯನ್ನ ರಸ್ತೆ ಬದಿಗೆ ಸುರೀತಾರೆ. ಅದು ಇಬ್ಬನಿಗೆ ನೆನೆದು ಕೊಳೆತು ಡಾಂಬರಿನ ಮೇಲೆ ಹರಡಿಕೊಂಡ್ರೆ ಸೋಪಿನ ನೀರು ಚೆಲ್ಲಿದ ಹಾಗೆ. ನಾನು ಬಿದ್ದು ಮೊಣಕೈ ತರಚಿಕೊಂಡಿದ್ದು ಕಾಡುದಾರಿಯಲ್ಲಲ್ಲ, ಇಂಥ ಸಿಪ್ಪೆ ಮೇಲೆ. ಸುರಿದವರು ಯಾರೋ ಗೊತ್ತಿಲ್ಲ, ಬೈದಿದ್ದಂತೂ ಜೋರಾಗೇ ಬೈದೆ.

ಭಾನುವಾರಕ್ಕೆ ಕೂಡ್ಲಿ ಇಟ್ಕೊಳ್ಳಿ. 16 ಕಿ.ಮೀ. ದೂರ, ಅಲ್ಲಿವರೆಗೆ ಗಾಡಿಯಲ್ಲಿ ಹೋಗಿ, ದೇವಸ್ಥಾನದ ಹತ್ತಿರ ನಿಲ್ಲಿಸಿ, ಹಳ್ಳಿಯ ರಸ್ತೆಗಳಲ್ಲಿ ಓಡಿ ವಾಪಸ್ ಸಂಗಮಕ್ಕೆ ಬಂದು ಕಾಲು ನೀರಲ್ಲಿ ಇಳಿಬಿಡಿ. ತುಂಗೆ ಒಂದು ಕಡೆಯಿಂದ, ಭದ್ರೆ ಇನ್ನೊಂದು ಕಡೆಯಿಂದ. ಜೂನ್, ಜುಲೈನಲ್ಲಿ ಗಮನಿಸಿ ನೋಡಿ, ಎರಡರ ಸ್ವಭಾವವೇ ಬೇರೆ. ಗಾಜನೂರು ಅಣೆಕಟ್ಟು ಹಿಡಿಯೋದು 3.24 ಟಿಎಂಸಿ ಅಷ್ಟೇ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 71 ಟಿಎಂಸಿಗೂ ಮೇಲೆ. ಹಾಗಾಗಿ ಘಟ್ಟದಲ್ಲಿ ಮಳೆ ಹಿಡಿದ ಕೂಡಲೇ ತುಂಗೆ ತಡೆಯಿಲ್ಲದೆ ಕೆಂಪಾಗಿ ಉಕ್ಕಿ ಬರ್ತಾಳೆ. ಭದ್ರೆ ತನ್ನ ಕಟ್ಟೆ ತುಂಬೋವರೆಗೆ ಅಲ್ಲೇ ಕೂತಿರ್ತಾಳೆ. ಓಡೋರಿಗೆ ಇದರಿಂದ ಒಂದು ಉಪಯೋಗ ಇದೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಮಂಟಪ ಇದೆಯಲ್ಲ, ಮಳೆಗಾಲದಲ್ಲಿ ಊರವರೆಲ್ಲ “ಮಂಟಪ ಮುಳುಗ್ತಾ?” ಅಂತ ಕೇಳೋದು ಅದನ್ನೇ. ಅದು ಮುಳುಗೋ ಹಂತಕ್ಕೆ ಬಂತು ಅಂದ್ರೆ ಹೊಳೆ ಬದಿಯ ಯಾವ ದಾರಿಗೂ ಹೋಗಬೇಡಿ, ಸ್ಟೇಡಿಯಂನಲ್ಲಿ ಸುತ್ತು ಹಾಕಿ.

ಸಕ್ರೆಬೈಲು ಆನೆ ಬಿಡಾರದವರೆಗೆ ಓಡ್ತೀನಿ ಅಂತ ಹೊಸಬರು ಎಲ್ಲರೂ ಒಂದು ಸಲ ಅಂತಾರೆ. ಆನೆ ಸ್ನಾನ ನೋಡೋಕೆ ಖಂಡಿತ ಹೋಗಿ, ಬಸ್ಸಲ್ಲಿ. ತೀರ್ಥಹಳ್ಳಿ ಹೆದ್ದಾರಿಯಲ್ಲಿ ಓಡೋದು ಬೇಡ, ಅಲ್ಲಿನ ಬಸ್ ಡ್ರೈವರುಗಳು ಬೇರೆ ಲೋಕದವರು.

ಈಗ ಬೆಂಗಳೂರಲ್ಲಿ ನಿಮಗೆ ಯಾರೂ ಹೇಳಿರದ ವಿಷಯ. ಡಿಸೆಂಬರಿನಿಂದ ಮೇ ತನಕ, ಅಂದ್ರೆ ಹವೆ ಓಡೋಕೆ ಹೇಳಿ ಮಾಡಿಸಿದ ಹಾಗಿರೋ ತಿಂಗಳುಗಳನ್ನೂ ಸೇರಿಸಿ, ಮಂಗನ ಕಾಯಿಲೆಯ ಕಾಲ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿದ್ದು, ಅದಕ್ಕೇ ಇಂಗ್ಲಿಷಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ ಹೆಸರು. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಎಷ್ಟು ಜನರನ್ನ ಕಾಡ್ತು ಅನ್ನೋದು ನಮ್ಮವರಿಗೆಲ್ಲ ನೆನಪಿದೆ. ಹರಡೋದು ಉಣುಗಿನಿಂದ, ಅಂದ್ರೆ ರಕ್ತ ಹೀರೋ ಉಣ್ಣೆಯಿಂದ. ಅದರ ಮರಿಗಳು ಎಳ್ಳಿನಷ್ಟು ಸಣ್ಣ, ತರಗೆಲೆ ಮೇಲೆ, ಹುಲ್ಲಿನ ತುದಿಯಲ್ಲಿ ಕಾಯ್ತಿರ್ತವೆ, ಕಚ್ಚಿದ್ದು ಗೊತ್ತೇ ಆಗಲ್ಲ. ಆ ತಿಂಗಳುಗಳಲ್ಲಿ ನಾನು ತರಗೆಲೆ ಬಿದ್ದಿರೋ ದಾರಿ ಬಿಟ್ಟು ಡಾಂಬರು ಹಿಡೀತೀನಿ. ಹಳ್ಳಿ ಕಡೆ ಹೋದ್ರೆ ಉಣುಗು ಹತ್ತದಿರಲಿ ಅಂತ ಆರೋಗ್ಯ ಇಲಾಖೆಯವರು ಹಂಚೋ ಡೆಪಾ ಎಣ್ಣೆ ಕಾಲಿಗೆ ಹಚ್ಚಿ, ಉದ್ದ ಕಾಲುಚೀಲ ಹಾಕಿ, ಮನೆಗೆ ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಎಲ್ಲಾದ್ರೂ ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ಪಂಚಾಯ್ತಿಗೋ ಆಸ್ಪತ್ರೆಗೋ ತಿಳಿಸಿ. ಕಾಡಂಚಿಗೆ ಹೋಗಿ ಬಂದ ಮೇಲೆ ಜ್ವರ, ವಿಪರೀತ ಮೈಕೈ ನೋವು ಬಂದ್ರೆ ಡಾಕ್ಟರಿಗೆ ಎಲ್ಲಿ ಓಡಿದ್ದೆ ಅಂತಲೂ ಹೇಳಿ.

ಇದರ ಮುಂದೆ ಮಳೆಗಾಲದ ಇಂಬಳ (ಜಿಗಣೆ) ಏನೇನೂ ಅಲ್ಲ. ಹತ್ತುತ್ತೆ, ಕುಡಿಯುತ್ತೆ, ಬೀಳುತ್ತೆ. ಸುಣ್ಣವೋ ಉಪ್ಪೋ ಮುಟ್ಟಿಸಿದ್ರೆ ಬಿಡುತ್ತೆ. ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ, ಅದಕ್ಕೆ ಹೆದರಬೇಡಿ.

ವರ್ಷಕ್ಕೊಮ್ಮೆಯಾದ್ರೂ ತೀರ್ಥಹಳ್ಳಿ ಕಡೆ ಬನ್ನಿ, ಅಕ್ಟೋಬರ್ ಕೊನೆಗೆ ಅಥವಾ ನವೆಂಬರಲ್ಲಿ. ಮಳೆ ಬಿಟ್ಟಿರುತ್ತೆ, ಭತ್ತ ಹಳದಿಗೆ ತಿರುಗ್ತಿರುತ್ತೆ, ಉಣುಗಿನ ಕಾಟ ಇನ್ನೂ ಜೋರಾಗಿರಲ್ಲ. ಕುಪ್ಪಳ್ಳಿಯ ಸುತ್ತ ಬೆಳಗ್ಗೆ ಆರಕ್ಕೆ ಓಡಿ ಕವಿಶೈಲ ಹತ್ತಿ ಕೂತ್ರೆ ಕೆಳಗೆ ಕಣಿವೆ ತುಂಬ ಮಂಜು, ಅದರೊಳಗಿಂದ ಒಂದೊಂದೇ ಗುಡ್ಡದ ತಲೆ ಏಳುತ್ತೆ. ಏರು ಬೇಕು ಅನ್ನೋರಿಗೆ ಗುಡ್ಡೇಕೇರಿ ಹತ್ತಿರದ ಕುಂದಾದ್ರಿ: ತುದಿಯ ಬಸದಿವರೆಗೂ ರಸ್ತೆ ಇದೆ, ಆದ್ರೆ ನಾನು ಇವತ್ತಿನವರೆಗೂ ಅದನ್ನ ನಡೆಯದೆ ಪೂರ್ತಿ ಓಡಿದ್ದಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಓಡೋದು ಫೋಟೋಕ್ಕೆ ಚೆಂದ, ಎದುರು ಬರೋ ವಾಹನ ಕಾಣಲ್ಲ. ಬೇಡ.

ಶೂ ವಿಷಯ. ಬೇಸಿಗೆಗೆ ನಿಮ್ಮ ಹಳೇ ರೋಡ್ ಶೂ ಸಾಕು. ಮಳೆಗಾಲಕ್ಕೆ ಆಳ ಗ್ರಿಪ್ ಇರೋದು ಬೇಕೇ ಬೇಕು, ಹಾವಸೆ ಕಟ್ಟಿದ ರಸ್ತೆ ಮೇಲೆ ರೋಡ್ ಶೂ ನಿಲ್ಲಲ್ಲ. ಅದಕ್ಕಿಂತ ಮುಖ್ಯ, ಎರಡು ಜೊತೆ ಇಟ್ಕೊಳ್ಳಿ. ಜುಲೈಯಲ್ಲಿ ನೆನೆದ ಶೂ ಮೂರು ದಿನ ಆದ್ರೂ ಒಣಗಲ್ಲ. ಒಳಗೆ ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಅವಸರಕ್ಕೆ ಬಚ್ಚಲೊಲೆ ಪಕ್ಕ ಇಡಬೇಡಿ. ನಾನು ಊರಲ್ಲಿ ಒಂದು ರಾತ್ರಿ ಇಟ್ಟಿದ್ದೆ, ಬೆಳಗ್ಗೆ ಎದ್ದು ನೋಡಿದ್ರೆ ಸೋಲ್ ಬಾಯಿ ಬಿಟ್ಕೊಂಡು ಹಪ್ಪಳದ ಹಾಗೆ ಮುರುಟಿತ್ತು. ಅಮ್ಮ ಅದನ್ನ ಅದೇ ಒಲೆಗೆ ಹಾಕೋಕೆ ಹೊರಟಿದ್ದರು.