ಅರ್ಜಿಗಿಂತ ಮೊದಲು ಲೆಕ್ಕದ ಪುಸ್ತಕ: ಆಫ್ರಿಕಾದ ಅನುದಾನಗಳ ಬಗ್ಗೆ ಓದುಗರ ಪ್ರಶ್ನೆಗಳು

ಆಫ್ರಿಕಾದ ಸಣ್ಣ ಉದ್ಯಮಗಳಿಗೆ, ಊರಿನ ಸಂಘಗಳಿಗೆ ಸಿಗುವ ಅನುದಾನದ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಕೆಲವು ಅಲ್ಲೇ ನೆಲೆಸಿರುವ ಕನ್ನಡಿಗರದ್ದು, ಕೆಲವು ಇಲ್ಲಿಂದಲೇ ನೆರವಾಗಬೇಕು ಎನ್ನುವವರದ್ದು. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ನಾನು ಹಾಸನದವಳು. ಯಜಮಾನರ ಕೆಲಸದಿಂದಾಗಿ ನೈರೋಬಿಗೆ ಬಂದು ಆರು ವರ್ಷ ಆಯಿತು. ಮಚಾಕೋಸ್ ಕಡೆಯ ಇಪ್ಪತ್ತೆರಡು ಹೆಂಗಸರ ಗುಂಪೊಂದು ಪರಿಚಯವಾಗಿದೆ. ಕತ್ತಾಳೆ ನಾರಿನಿಂದ ಕಿಯೊಂಡೋ ಬುಟ್ಟಿ ಹೆಣೆದು ಮಾರುತ್ತಾರೆ. ವಾರ ವಾರ ದುಡ್ಡು ಕೂಡಿಡುತ್ತಾರೆ. ಅವರಿಗೆ ನಾರು ತೆಗೆಯುವ ಯಂತ್ರ, ಬಣ್ಣ ಕಾಯಿಸುವ ಒಲೆ, ಒಂದು ಶೆಡ್ ಬೇಕಂತೆ. ಅನುದಾನಕ್ಕೆ ಅರ್ಜಿ ಬರೆದುಕೊಡಿ ಅಂತಿದ್ದಾರೆ. ಎಲ್ಲಿಗೆ ಬರೆಯಲಿ? – ಓದುಗರು, ನೈರೋಬಿ

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಮಾತು ‘ವಾರ ವಾರ ದುಡ್ಡು ಕೂಡಿಡುತ್ತಾರೆ’ ಅನ್ನೋದು. ಅರ್ಧ ಕೆಲಸ ಅಲ್ಲೇ ಮುಗಿದಿದೆ.

ಕೀನ್ಯಾದಲ್ಲಿ ಇಂಥ ಗುಂಪಿಗೆ ‘ಚಾಮಾ’ ಅನ್ನುತ್ತಾರೆ. ನಮ್ಮ ಹಳ್ಳಿಯ ಸ್ತ್ರೀಶಕ್ತಿ ಸಂಘವನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ಈ ಉಳಿತಾಯಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅದಕ್ಕೆ ಮೂರು ಬೀಗ. ಮೂರು ಬೀಗದಕೈ ಮೂರು ಮನೆಯಲ್ಲಿ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಮೂವರೂ ಬಂದು ಕೂತ ಮೇಲೇ ಪೆಟ್ಟಿಗೆ ತೆರೆಯುವುದು. ಎಲ್ಲರ ಎದುರೇ ಎಣಿಸಿ, ಎಲ್ಲರ ಎದುರೇ ಬರೆದು, ಮತ್ತೆ ಬೀಗ. ಅಂತರರಾಷ್ಟ್ರೀಯ ನೆರವು ಸಂಸ್ಥೆ ಕೇರ್ 1991ರಲ್ಲಿ ನೈಜರ್ ದೇಶದ ಮರಾಡಿ ಭಾಗದಲ್ಲಿ ಶುರುಮಾಡಿದ ಉಳಿತಾಯ ಗುಂಪುಗಳ ಪದ್ಧತಿ ಇದು. ಅಲ್ಲಿಂದ ಖಂಡದ ತುಂಬಾ ಹರಡಿತು. ಅದಕ್ಕೂ ಕೆಲವು ವರ್ಷ ಮೊದಲು, 1980ರ ದಶಕದಲ್ಲಿ, ನಮ್ಮ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಸ್ವಸಹಾಯ ಗುಂಪುಗಳನ್ನು ಕಟ್ಟುತ್ತಿತ್ತು. ಒಬ್ಬರನ್ನೊಬ್ಬರು ನೋಡದೆ, ಎರಡು ಕಡೆಯ ಹೆಂಗಸರೂ ಒಂದೇ ದಾರಿ ಹಿಡಿದಿದ್ದಾರೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ದಾನಿ ಸಂಸ್ಥೆಯವರು ಮೊದಲು ನೋಡುವುದು ಆ ಪೆಟ್ಟಿಗೆಯನ್ನೇ. ಬುಟ್ಟಿ ಎಷ್ಟು ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು. ಆದ್ದರಿಂದ ಅರ್ಜಿ ಬರೆಯಲು ಕೂರುವ ಮೊದಲು ಒಂದು ಮಧ್ಯಾಹ್ನ ಅವರ ಜೊತೆ ಕುಳಿತು ಲೆಕ್ಕದ ಪುಸ್ತಕ ತೆಗೆಸಿ. ಹೋದ ಹನ್ನೆರಡು ತಿಂಗಳಲ್ಲಿ ಯಾರು ಎಷ್ಟು ಹಾಕಿದ್ದಾರೆ, ಯಾರು ಸಾಲ ತಗೊಂಡಿದ್ದಾರೆ, ಎಷ್ಟು ವಾಪಸ್ ಬಂದಿದೆ ಎಂದು ಪುಸ್ತಕ ನೋಡಿಯೇ ಹೇಳಲು ಆಗಬೇಕು. ಸಭೆಯ ನಡಾವಳಿ ಪುಸ್ತಕದಲ್ಲಿ ಸಹಿ ಇರಬೇಕು. ಸಹಿ ಬಾರದವರ ಹೆಬ್ಬೆಟ್ಟಾದರೂ ಇರಬೇಕು. ಬುಟ್ಟಿ ಮಾರಿದ ದುಡ್ಡು ಎಂ-ಪೆಸಾದಲ್ಲಿ, ಅಂದರೆ ಅಲ್ಲಿನ ಮೊಬೈಲ್ ಹಣದ ಖಾತೆಯಲ್ಲಿ, ಬಂದಿದ್ದರೆ ಅದರ ಸ್ಟೇಟ್‌ಮೆಂಟ್ ತೆಗೆಸಿಡಿ. ವ್ಯಾಪಾರಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಪುಸ್ತಕದಲ್ಲಿ ತೂತುಗಳಿದ್ದರೆ ಗಾಬರಿ ಬೇಡ. ಇವತ್ತಿನಿಂದ ಸರಿಯಾಗಿ ಬರೆಯಲಿ, ಆರು ತಿಂಗಳು ಬಿಟ್ಟು ಅರ್ಜಿ ಹಾಕಲಿ. ಹಳೆಯ ಪುಟಗಳನ್ನು ಈಗ ಕೂತು ‘ಸರಿಮಾಡುವ’ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಒಂದೇ ಪೆನ್ನಿನಲ್ಲಿ ಒಂದೇ ದಿನ ಬರೆದ ವರ್ಷದ ಲೆಕ್ಕ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಜೊತೆಗೆ ಮೂರು ಕಾಗದ ಬೇಕು. ಗುಂಪಿನ ನೋಂದಣಿ ಪತ್ರ, ಗುಂಪಿನ ಹೆಸರಿನ ಕೆಆರ್‌ಎ ಪಿನ್ (ಕೀನ್ಯಾದ ತೆರಿಗೆ ಇಲಾಖೆ ಕೊಡುವ ಸಂಖ್ಯೆ), ಗುಂಪಿನ ಹೆಸರಿನ ಬ್ಯಾಂಕ್ ಖಾತೆ. ಖಾತೆಗೆ ಒಬ್ಬರಿಗಿಂತ ಜಾಸ್ತಿ ಜನರ ಸಹಿ ಇರಲಿ. ನಿಮ್ಮ ಸಹಿ ಅಂತೂ ಬೇಡ. ನೀವು ಪ್ರೀತಿಯಿಂದಲೇ ಒಪ್ಪಿಕೊಳ್ಳಬಹುದು, ಆದರೆ ನಾಳೆ ನೀವು ಊರು ಬಿಟ್ಟರೆ ಅವರ ದುಡ್ಡು ಅಲ್ಲೇ ನಿಂತುಬಿಡುತ್ತದೆ.

ಈಗ, ಎಲ್ಲಿಗೆ ಬರೆಯುವುದು? ಮೂರು ಬೇಡಿಕೆಯನ್ನೂ ಒಂದೇ ಅರ್ಜಿಗೆ ತುಂಬಬೇಡಿ.

ಯಂತ್ರ ದುಡಿದು ದುಡ್ಡು ತರುತ್ತದೆ. ಅದಕ್ಕೆ ಸಾಲವೇ ಸರಿ. ಕೀನ್ಯಾ ಸರ್ಕಾರದ ವುಮೆನ್ ಎಂಟರ್‌ಪ್ರೈಸ್ ಫಂಡ್, ಉವೆಝೊ ಫಂಡ್ ಎರಡೂ ಮಹಿಳಾ ಗುಂಪುಗಳಿಗೆ ಸಾಲ ಕೊಡುತ್ತವೆ. ಹೆಸರಿನಲ್ಲಿ ‘ಫಂಡ್’ ಇದೆ ಅಂತ ಇದನ್ನು ಪುಕ್ಕಟೆ ಹಣ ಅಂದುಕೊಳ್ಳುವವರು ತುಂಬಾ ಜನ. ಗುಂಪಿನ ಎಲ್ಲರಿಗೂ ಇದು ವಾಪಸ್ ಕಟ್ಟಬೇಕಾದ ದುಡ್ಡು ಎಂದು ಮೊದಲೇ ಬಿಡಿಸಿ ಹೇಳಿ.

ಇನ್ನು ಕತ್ತಾಳೆ. ಅದು ಎಲ್ಲಿಂದ ಬರುತ್ತಿದೆ ಎಂದು ಕೇಳಿದ್ದೀರಾ? ಮಳೆಗೆ ಕೊರೆದು ಹೋದ ಇಳಿಜಾರಿನಲ್ಲಿ, ಹೊಲದ ಬದುವಿನಲ್ಲಿ ಅವರೇ ನೆಟ್ಟು ಬೆಳೆಸುವವರಾದರೆ ಇದು ಮಣ್ಣು ಉಳಿಸುವ ಕೆಲಸವೂ ಹೌದು. ಆಗ ಜಾಗತಿಕ ಪರಿಸರ ನಿಧಿಯ (ಜಿಇಎಫ್) ಸ್ಮಾಲ್ ಗ್ರಾಂಟ್ಸ್ ಪ್ರೋಗ್ರಾಂ ನೆನಪಿಡಿ. 1992ರಿಂದ ಇದೆ, ವಿಶ್ವಸಂಸ್ಥೆಯ ಅಭಿವೃದ್ಧಿ ಸಂಸ್ಥೆ ಯುಎನ್‌ಡಿಪಿ ನಡೆಸುತ್ತದೆ. ಪರಿಸರದ ಜೊತೆ ಬದುಕನ್ನೂ ಕಟ್ಟುವ ಸ್ಥಳೀಯ ಸಂಘಗಳಿಗೇ ಇರುವ ಹಣ ಇದು. ಬಹುಕಾಲ ಒಂದು ಯೋಜನೆಗೆ 50,000 ಡಾಲರ್ ಮಿತಿ ಇತ್ತು, ಹೊಸ ಗುಂಪಿಗೆ ಸಿಗುವುದು ಅದಕ್ಕಿಂತ ಕಡಿಮೆಯೇ. ಪ್ರತಿ ದೇಶದಲ್ಲೂ ಇದಕ್ಕೆ ಒಬ್ಬ ಸಂಯೋಜಕರು, ಆಯ್ಕೆಗೆ ಒಂದು ರಾಷ್ಟ್ರೀಯ ಸಮಿತಿ ಇರುತ್ತದೆ. ನೈರೋಬಿಯಲ್ಲೇ ಇದ್ದೀರಿ, ನೇರ ಹೋಗಿ ಮಾತಾಡಿ. ಇಲ್ಲಿ ಇನ್ನೊಂದು ಅನುಕೂಲ ಇದೆ. ಗುಂಪಿನವರು ಹಾಕುವ ಪಾಲನ್ನು ದುಡ್ಡಿನಲ್ಲೇ ತೋರಿಸಬೇಕಾಗಿಲ್ಲ. ಇಪ್ಪತ್ತೆರಡು ಜನ ತಿಂಗಳಿಗೆ ನಾಲ್ಕು ದಿನ ಗುಂಡಿ ತೋಡಿದರೆ ಅದೂ ಅವರ ಪಾಲೇ.

ಶೆಡ್‌ಗೆ, ಒಲೆಗೆ ರಾಯಭಾರ ಕಚೇರಿಗಳ ಸಣ್ಣ ನಿಧಿಗಳನ್ನು ನೋಡಿ. ಕೆನಡಾದ್ದು ಸಿಎಫ್‌ಎಲ್‌ಐ, ಆಸ್ಟ್ರೇಲಿಯಾದ್ದು ಡೈರೆಕ್ಟ್ ಏಡ್ ಪ್ರೋಗ್ರಾಂ, ಜಪಾನಿನದ್ದು ಗ್ರಾಸ್‌ರೂಟ್ಸ್ ನೆರವು. ಜಪಾನಿನವರು ಶಾಲೆ, ಆಸ್ಪತ್ರೆ, ಕುಡಿಯುವ ನೀರಿನಂಥ ಕಟ್ಟುವ ಕೆಲಸಕ್ಕೆ ಜಾಸ್ತಿ ಒಲವು ತೋರಿಸುತ್ತಾರೆ. ಅಕ್ರಾದಲ್ಲಿರುವ ಆಫ್ರಿಕನ್ ವುಮೆನ್ಸ್ ಡೆವಲಪ್‌ಮೆಂಟ್ ಫಂಡ್ 2000ದಲ್ಲಿ ಶುರುವಾದದ್ದು, ಮಹಿಳಾ ಸಂಘಟನೆಗಳಿಗೇ ಅನುದಾನ ಕೊಡುತ್ತಿದೆ. ಆದರೆ ಅವರು ಹೆಂಗಸರ ಹಕ್ಕು, ಮುಂದಾಳತ್ವ ನೋಡುತ್ತಾರೆ. ಬರೀ ಶೆಡ್ ಕೇಳಿಕೊಂಡು ಅಲ್ಲಿಗೆ ಹೋಗಬೇಡಿ.

ಬಜೆಟ್ ಬರೆಯುವಾಗ ‘ಒಲೆ ಮತ್ತು ಇತರೆ, ಒಂದು ಲಕ್ಷ ಶಿಲ್ಲಿಂಗ್’ ಎಂದು ಬರೆಯಬೇಡಿ. ‘ಇತರೆ’ ಕಂಡ ಕೂಡಲೇ ಓದುವವರಿಗೆ ಅನುಮಾನ ಶುರು. ಬಣ್ಣ ಕಾಯಿಸುವ ಪಾತ್ರೆ ಎಷ್ಟು, ಯಾವ ಅಳತೆ, ಮಚಾಕೋಸ್ ಪೇಟೆಯ ಎರಡು ಮೂರು ಅಂಗಡಿಗಳ ಕೊಟೇಶನ್ ಏನು, ಸಾಗಣೆ ಎಷ್ಟು, ಇಟ್ಟಿಗೆ ಕೆಲಸದ ಕೂಲಿ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಯಿರಿ. ಒಬ್ಬ ಹೆಂಗಸು ಈಗ ವಾರಕ್ಕೆ ಎಷ್ಟು ಬುಟ್ಟಿ ಮುಗಿಸುತ್ತಾಳೆ, ನಾರು ಕೆರೆಯುವುದಕ್ಕೇ ಎಷ್ಟು ಹೊತ್ತು ಹೋಗುತ್ತದೆ ಎಂಬ ಎರಡು ಲೆಕ್ಕ ಸೇರಿಸಿ. ಇದನ್ನು ನೀವು ಊಹಿಸಬೇಡಿ, ಅವರನ್ನೇ ಕೇಳಿ. ನೀವು ಬರೆದದ್ದನ್ನು ಅಲ್ಲಿನ ಭಾಷೆ ಕಿಕಾಂಬದಲ್ಲೋ ಸ್ವಾಹಿಲಿಯಲ್ಲೋ ಅವರಿಗೆ ಓದಿ ಹೇಳಿಸಿ. ನಾಳೆ ಪರಿಶೀಲನೆಗೆ ಬಂದವರು ಪ್ರಶ್ನೆ ಕೇಳುವುದು ಅವರನ್ನು, ನಿಮ್ಮನ್ನಲ್ಲ.

ಕಂಪಾಲಾದಲ್ಲಿ ಅಕೌಂಟೆಂಟ್ ಆಗಿದ್ದೇನೆ. ನಮ್ಮ ಆಫೀಸಿನಲ್ಲಿದ್ದ ಉಗಾಂಡದ ಹುಡುಗನೊಬ್ಬ ಕೆಲಸ ಬಿಟ್ಟು ಮಟೋಕೆ ಬಾಳೆಕಾಯಿ ಒಣಗಿಸಿ ಹಿಟ್ಟು ಮಾಡುವ ಉದ್ಯಮ ಶುರುಮಾಡಿ ಎರಡು ವರ್ಷ ಆಯಿತು. ಅಂತರ್ಜಾಲದಲ್ಲಿ ಸಿಕ್ಕ ‘ನೂರು ಅನುದಾನಗಳ ಪಟ್ಟಿ’ ಹಿಡಿದುಕೊಂಡು ಎಲ್ಲದಕ್ಕೂ ಅರ್ಜಿ ಹಾಕುತ್ತಿದ್ದಾನೆ. ಇದು ಸರಿಯಾ? – ಓದುಗರು, ಕಂಪಾಲಾ

ಸರಿಯಲ್ಲ. ಮೊದಲು ಆ ಪಟ್ಟಿಯ ತಾರೀಕು ನೋಡಲು ಹೇಳಿ. 2025ಕ್ಕಿಂತ ಹಿಂದಿನದಾದರೆ ಅಮೆರಿಕ ಸರ್ಕಾರದ ಹಣ ಎಂದು ಬರೆದಿರುವ ಸಾಲುಗಳನ್ನೆಲ್ಲ ಸದ್ಯಕ್ಕೆ ಹೊಡೆದುಹಾಕಬಹುದು. ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ಮುಚ್ಚಿತು. ಆಫ್ರಿಕಾದ ಸಣ್ಣ ಉದ್ಯಮಗಳಿಗೆ, ರೈತರ ಸಹಕಾರ ಸಂಘಗಳಿಗೆ ನೇರವಾಗಿ 2,50,000 ಡಾಲರ್‌ವರೆಗೂ ಕೊಡುತ್ತಿದ್ದ ಯುಎಸ್‌ಎಡಿಎಫ್ ಅನ್ನು ಕಿರಿದುಗೊಳಿಸಲು ಅದೇ ವರ್ಷ ಫೆಬ್ರವರಿಯಲ್ಲಿ ಆದೇಶ ಹೊರಟಿತು. ಅಮೆರಿಕದ ಸಂಸತ್ತು 1980ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ಹಣ ಕೊಡುವ ದೇಶದಲ್ಲಿ ಗಾಳಿ ಬದಲಾದರೆ ಪಡೆಯುವವರ ಒಲೆ ಆರುತ್ತದೆ. ಮನಸ್ಸಿಗೆ ಬಹಳ ನೋವಾಗುವ ಸಂಗತಿ ಇದು. ಅದಕ್ಕೇ ಅನುದಾನವನ್ನೇ ನಂಬಿ ಉದ್ಯಮ ಕಟ್ಟಬಾರದು ಅನ್ನೋದು.

ಅವನಿಗೆ ಹೊಂದುವುದು ಟೋನಿ ಎಲುಮೆಲು ಫೌಂಡೇಶನ್ನಿನ ಕಾರ್ಯಕ್ರಮ. ನೈಜೀರಿಯಾದ ಉದ್ಯಮಿ ಟೋನಿ ಎಲುಮೆಲು 2015ರಲ್ಲಿ ಶುರುಮಾಡಿದ್ದು. ಆಫ್ರಿಕಾದ 54 ದೇಶದವರೂ ಅರ್ಜಿ ಹಾಕಬಹುದು. ಉದ್ಯಮ ಬರೀ ಯೋಚನೆಯಲ್ಲೇ ಇರಬಹುದು, ಇಲ್ಲವೇ ಐದು ವರ್ಷದೊಳಗಿನದಿರಬೇಕು. ಮೊದಲು ತರಬೇತಿ, ಆಮೇಲೆ ಆಯ್ಕೆಯಾದವರಿಗೆ 5,000 ಡಾಲರ್, ಅಂದರೆ ನಮ್ಮ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ವಾಪಸ್ ಕೊಡಬೇಕಾಗಿಲ್ಲ. ಅರ್ಜಿ ಸಾಮಾನ್ಯವಾಗಿ ಜನವರಿ 1ರಿಂದ ಮಾರ್ಚ್ 1ರವರೆಗೆ ಟಿಇಎಫ್‌ಕನೆಕ್ಟ್ ತಾಣದಲ್ಲಿ ತೆರೆದಿರುತ್ತದೆ. ಚೀನಾದ ಉದ್ಯಮಿ ಜ್ಯಾಕ್ ಮಾ ಅವರ ಫೌಂಡೇಶನ್ ಶುರುಮಾಡಿದ ಆಫ್ರಿಕಾಸ್ ಬ್ಯುಸಿನೆಸ್ ಹೀರೋಸ್ ಸ್ಪರ್ಧೆ ಇನ್ನೂ ದೊಡ್ಡದು. ಕೊನೆಯ ಹತ್ತು ಜನರ ನಡುವೆ 15 ಲಕ್ಷ ಡಾಲರ್ ಹಂಚುತ್ತಾರೆ. ಆದರೆ ಅಲ್ಲಿಗೆ ಮೂರು ವರ್ಷದ ವ್ಯಾಪಾರದ ಲೆಕ್ಕ ಬೇಕು. ಅವನು ಇನ್ನೊಂದು ವರ್ಷ ಕಾಯಲಿ.

ಇಂಥ ಹಣದಿಂದ ನಿಜವಾಗಿ ಏನಾದರೂ ಆಗುತ್ತದಾ ಎಂದು ನೀವು ಅಕೌಂಟೆಂಟ್ ಆಗಿ ಕೇಳಿಯೇ ಕೇಳುತ್ತೀರಿ. ನೈಜೀರಿಯಾ ಸರ್ಕಾರ 2011ರಲ್ಲಿ ‘ಯೂವಿನ್’ ಎಂಬ ಸ್ಪರ್ಧೆ ನಡೆಸಿತು. ಸುಮಾರು 24,000 ಅರ್ಜಿ ಬಂದವು. ಗೆದ್ದವರು 1,200 ಜನ. ಒಬ್ಬೊಬ್ಬರಿಗೆ ಸರಾಸರಿ 50,000 ಡಾಲರ್, ಅದೂ ನಾಲ್ಕು ಕಂತಿನಲ್ಲಿ. ಗೆದ್ದವರಲ್ಲಿ ಹಲವರನ್ನು ಕೊನೆಯ ಹಂತಕ್ಕೆ ಬಂದವರ ನಡುವೆ ಚೀಟಿ ಎತ್ತಿದ ಹಾಗೆ ಆರಿಸಿದ್ದರು. ಹಾಗಾಗಿ ಗೆದ್ದವರನ್ನೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡವರನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ ಮೂರು ವರ್ಷದ ಮೇಲೆ ನೋಡಿದಾಗ, ಹಣ ಸಿಕ್ಕವರ ಉದ್ಯಮಗಳು ಹೆಚ್ಚು ಉಳಿದಿದ್ದವು, ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದವು. ಆಗುತ್ತದೆ, ಖಂಡಿತ ಆಗುತ್ತದೆ.

ಆ ಕಂತಿನ ವಿಷಯವನ್ನು ಅವನಿಗೆ ಒತ್ತಿ ಹೇಳಿ. ಮೊದಲ ಕಂತಿನ ಬಿಲ್ ಸರಿಯಿಲ್ಲದಿದ್ದರೆ ಎರಡನೆಯದು ಬರುವುದಿಲ್ಲ. ನೀವು ಅವನಿಗೆ ಮಾಡಬಹುದಾದ ದೊಡ್ಡ ಸಹಾಯ ಅರ್ಜಿ ತಿದ್ದುವುದಲ್ಲ. ತಿಂಗಳಿಗೆ ಒಂದು ಭಾನುವಾರ ಕೂತು, ಬಾಳೆಗೊನೆ ಎಷ್ಟಕ್ಕೆ ಬಂತು, ಹಿಟ್ಟು ಎಷ್ಟಕ್ಕೆ ಹೋಯಿತು, ಮನೆ ಖರ್ಚಿಗೆ ಎಷ್ಟು ತೆಗೆದ ಎಂದು ಬೇರೆ ಬೇರೆ ಬರೆಯುವುದನ್ನು ಕಲಿಸಿ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗೆ ಇರುವ ಟಾಂಜಾನಿಯಾದ ಹುಡುಗ ಇಲ್ಲಿ ಓದುತ್ತಿದ್ದಾನೆ. ಊರಿನ ಅವನ ಯುವಕ ಸಂಘಕ್ಕೆ 80,000 ಡಾಲರ್ ಅನುದಾನ ಮಂಜೂರಾಗಿದೆ, 300 ಡಾಲರ್ ಶುಲ್ಕ ಕಟ್ಟಿ ಎಂದು ಇಮೇಲ್ ಬಂದಿದೆ. ನನ್ನ ಹತ್ತಿರ ಸಾಲ ಕೇಳುತ್ತಿದ್ದಾನೆ. ಕೊಡಲಾ? – ಓದುಗರು, ಮೈಸೂರು

ದಯವಿಟ್ಟು ಕೊಡಬೇಡಿ. ಅವನನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳಿ, ಇದು ಮೋಸ. ಅರ್ಜಿಯನ್ನೇ ಹಾಕದೆ ಅನುದಾನ ಮಂಜೂರಾಗುವುದಿಲ್ಲ. ಹಣ ಕೊಡುವವರು ಹಣ ಕೇಳುವುದಿಲ್ಲ. ಇದಕ್ಕೆ ‘419’ ಎಂಬ ಹೆಸರೇ ಇದೆ, ನೈಜೀರಿಯಾದ ದಂಡ ಸಂಹಿತೆಯಲ್ಲಿ ವಂಚನೆಯ ಕಲಮಿನ ಸಂಖ್ಯೆ ಅದು. ದೊಡ್ಡ ದೊಡ್ಡ ಫೌಂಡೇಶನ್‌ಗಳ ಹೆಸರು, ಲೋಗೋ ಹಾಕಿಕೊಂಡೇ ಇಂಥ ಪತ್ರಗಳು ಬರುತ್ತವೆ. ಆ ಸಂಸ್ಥೆಯ ಅಧಿಕೃತ ತಾಣವನ್ನು ತಾನೇ ಟೈಪ್ ಮಾಡಿ ತೆರೆದು ನೋಡಲಿ, ಪತ್ರದಲ್ಲಿರುವ ಲಿಂಕ್ ಒತ್ತುವುದು ಬೇಡ. ಈಗಾಗಲೇ ಸ್ವಲ್ಪ ದುಡ್ಡು ಕಳಿಸಿದ್ದರೆ ಈ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇರೆ ದೇಶದವನು ಅಂತ ಅವನು ಹಿಂಜರಿಯಬಹುದು, ನೀವು ಜೊತೆಗೆ ನಿಲ್ಲಿ. ಅವನ ಸಂಘ ನಿಜವಾಗಿ ಕೆಲಸ ಮಾಡುತ್ತಿದ್ದರೆ ಮೇಲೆ ನೈರೋಬಿಯವರಿಗೆ ಹೇಳಿದ ಯುಎನ್‌ಡಿಪಿ ಮತ್ತು ರಾಯಭಾರ ಕಚೇರಿಗಳ ದಾರಿ ಅವನಿಗೂ ತೋರಿಸಿ.

ನಮ್ಮದು ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿ. ಕೀನ್ಯಾದ ಕಿಸುಮು ಹತ್ತಿರದ ಒಂದು ಶಾಲೆಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿಸುವ ಆಸೆ. ನಮ್ಮ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಯ) ಹಣ ಕಳಿಸಬಹುದಾ? – ಓದುಗರು, ಬೆಂಗಳೂರು

ಸಿಎಸ್‌ಆರ್ ಹಣ ಅಂತ ಕಳಿಸಲು ಆಗುವುದಿಲ್ಲ, ಅದು ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಂಪನಿ ಕಾನೂನಿನ ನಿಯಮದಲ್ಲಿ ದೇಶದ ಹೊರಗೆ ಮಾಡಿದ ಕೆಲಸ ಸಿಎಸ್‌ಆರ್ ಅಲ್ಲ. ದೇಶವನ್ನೋ ರಾಜ್ಯವನ್ನೋ ಪ್ರತಿನಿಧಿಸುವ ನಮ್ಮ ಕ್ರೀಡಾಪಟುಗಳ ತರಬೇತಿ ಒಂದೇ ಅದಕ್ಕೆ ಹೊರತು. ತೆರಿಗೆ ವಿನಾಯಿತಿ ಇರುವ ಟ್ರಸ್ಟ್ ಮೂಲಕ ಕಳಿಸೋಣ ಅಂದರೂ, ಹೊರಗೆ ಖರ್ಚಾದ ಹಣಕ್ಕೆ ಸಾಮಾನ್ಯವಾಗಿ ವಿನಾಯಿತಿ ಸಿಗುವುದಿಲ್ಲ. ನೀವು ನಿಮ್ಮ ಸ್ವಂತ ದುಡ್ಡು ಕೊಡುವುದಾದರೆ ಎಲ್‌ಆರ್‌ಎಸ್ ಇದೆ, ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಯೋಜನೆ. ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ದೇಣಿಗೆಯೂ ಅದರಲ್ಲಿ ಸೇರುತ್ತದೆ. ಕಳಿಸುವ ಮೊದಲು ನಿಮ್ಮ ಆಡಿಟರ್ ಹತ್ತಿರ ತೆರಿಗೆಯ ಲೆಕ್ಕ ಕೇಳಿಕೊಳ್ಳಿ.

ನಿಮ್ಮಲ್ಲಿ ಯಾರಾದರೂ ರೋಟರಿಯಲ್ಲಿ ಇದ್ದಾರಾ? ಇದ್ದರೆ ನನಗೆ ಇದೇ ಒಳ್ಳೆಯ ದಾರಿ ಅನಿಸುತ್ತದೆ. ರೋಟರಿ ಫೌಂಡೇಶನ್ನಿನ ಗ್ಲೋಬಲ್ ಗ್ರಾಂಟ್ ಸಿಗಬೇಕಾದರೆ ಎರಡು ಕ್ಲಬ್ ಬೇಕು. ಒಂದು ಕೆಲಸ ನಡೆಯುವ ದೇಶದ್ದು, ಇನ್ನೊಂದು ಹೊರಗಿನದು. ಕಿಸುಮು ಕಡೆಯ ಕ್ಲಬ್ ಒಂದು, ನಿಮ್ಮ ಬೆಂಗಳೂರಿನದು ಇನ್ನೊಂದು. ಒಟ್ಟು ಬಜೆಟ್ ಕನಿಷ್ಠ 30,000 ಡಾಲರ್ ಇರಬೇಕು. ಒಂದೇ ಶಾಲೆಗೆ ಅಷ್ಟು ಬೇಡ ಅಲ್ವಾ? ಹಾಗಾದರೆ ಅಕ್ಕಪಕ್ಕದ ನಾಲ್ಕೈದು ಶಾಲೆ ಸೇರಿಸಿ.

ರೋಟರಿಯವರು ಊರಿನವರ ಅಗತ್ಯದ ಸಮೀಕ್ಷೆ ಮಾಡದೆ ಅರ್ಜಿ ತಗೊಳ್ಳುವುದಿಲ್ಲ. ಅದು ನನಗೆ ತುಂಬಾ ಇಷ್ಟ. ನಾವು ಇಲ್ಲಿ ಕೂತು ಬೋರ್‌ವೆಲ್ ಎಂದು ತೀರ್ಮಾನ ಮಾಡಿರುತ್ತೇವೆ. ಅಲ್ಲಿ ಹೋಗಿ ಕೇಳಿದರೆ ಬೋರ್‌ವೆಲ್ ಆಗಲೇ ಇರಬಹುದು, ಕೈಪಂಪಿನ ವಾಷರ್ ಹೋಗಿ ತಿಂಗಳುಗಟ್ಟಲೆ ಸುಮ್ನೆ ನಿಂತಿರಬಹುದು. ಆಗ ಬೇಕಾದದ್ದು ಹೊಸ ಕೊಳವೆಬಾವಿ ಅಲ್ಲ, ರಿಪೇರಿ ಕಲಿತ ಊರಿನ ಇಬ್ಬರು ಮತ್ತು ಬಿಡಿಭಾಗಕ್ಕೆ ಪ್ರತಿ ಮನೆಯಿಂದ ತಿಂಗಳಿಗೆ ಒಂದಿಷ್ಟು ಶಿಲ್ಲಿಂಗ್ ಕೂಡಿಡುವ ಸಮಿತಿ. ಆ ಹಣ ಇಡಲು ಊರಿನಲ್ಲಿ ಒಂದು ಚಾಮಾ ಇದ್ದೇ ಇರುತ್ತದೆ, ವಿಚಾರಿಸಿ. ಅಲ್ಲಿನ ಕ್ಲಬ್‌ಗೆ ಈ ವಾರವೇ ಪತ್ರ ಬರೆಯಿರಿ, ಸಮೀಕ್ಷೆ ಕೈಗೆ ಬಂದ ಮೇಲೆ ಅದನ್ನು ನನಗೂ ಕಳಿಸಿ. ಬಜೆಟ್ ಜೊತೆಗೇ ಕೂತು ನೋಡೋಣ.