ಹೊಸ ಸ್ಕೋಪ್ ಬೇಡ, ಮೌಂಟ್ ಬಂದ ಪೊಟ್ಟಣ ಹುಡುಕಿ

ಸ್ಪ್ರಿಂಗ್ ಏರ್ ರೈಫಲ್‌ಗೆ ಎರಡು ಸಾವಿರದೊಳಗಿನ ಸ್ಕೋಪ್, ಅಂದರೆ ಗುರಿ ನೋಡುವ ದೂರದರ್ಶಕ, ಹಾಕಿದ್ದೀರಿ, ಶೂಟಿಂಗ್ ರೇಂಜಿನಲ್ಲಿ ಒಂದು ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಬಿದ್ದಲ್ಲಿ ಇನ್ನೊಂದು ಬೀಳುತ್ತಿಲ್ಲ, ಐದಾರು ಸಾವಿರದ್ದು ಕೊಂಡರೆ ಸರಿಹೋದೀತೇ ಅಂತ ಕೇಳಿದ್ದೀರಿ. ಹೋಗಲ್ಲ. ಇದೇ ಯೋಚನೆಯಲ್ಲಿ ಮೂರು ತಿಂಗಳು ಕಳೆದು ಕಡೆಗೆ ರೈಫಲನ್ನೇ ಅರ್ಧ ಬೆಲೆಗೆ ಮಾರಿದವನು ನಾನು.

ನನಗೆ ಈ ಹುಚ್ಚು ಹಿಡಿದದ್ದು ದುಗ್ಗಮ್ಮನ ಜಾತ್ರೆಯಲ್ಲಿ, ಬಲೂನು ಹೊಡೆಯುವ ಅಂಗಡಿ ಮುಂದೆ. ಹತ್ತಕ್ಕೆ ಎಂಟು ಬಲೂನು ಒಡೆದೆ, ತಲೆ ತಿರುಗಿತು. 4.5 ಮಿ.ಮೀ. ಕೊಳವೆಯ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ ಅಂತ ಗೊತ್ತಾದ ವಾರದಲ್ಲೇ ಒಂದು ಕೊಂಡೆ. ಜೊತೆಗೆ 1,800 ರೂಪಾಯಿಯ, ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್. ದಾವಣಗೆರೆಯಲ್ಲಿ ನಾನು ಹೋಗುತ್ತಿದ್ದ ರೇಂಜ್ ಹಿಂದೆ ಮಂಡಕ್ಕಿ ಚೀಲ ಪೇರಿಸುತ್ತಿದ್ದ ಗೋದಾಮು. ಹತ್ತು ಮೀಟರಿನ ನಾಲ್ಕು ಲೇನು, ಮಳೆಗಾಲದಲ್ಲಿ ಈಗಲೂ ಗೋಡೆಯಿಂದ ಮಂಡಕ್ಕಿ ವಾಸನೆ.

ಸ್ಕೋಪನ್ನು ಮನೆಯಲ್ಲೇ ಕೂರಿಸಿಕೊಂಡು ಹೋಗಿದ್ದೆ. ಮೊದಲ ಹೊಡೆತ ಗುರಿಯಿಂದ ಮೂರು ಸೆಂಟಿಮೀಟರ್ ಕೆಳಗೆ. ಸ್ಕೋಪಿನ ಗುರಿ ಏರಿಸಿ ಇಳಿಸುವ ಗುಂಡಿಯ ಮೇಲೆ ಒಂದು ಕ್ಲಿಕ್ಕಿಗೆ ಕಾಲು ಇಂಚು ಅಂತ ಬರೆದಿತ್ತು. ಐದು ಕ್ಲಿಕ್ ತಿರುಗಿಸಿ ಹೊಡೆದೆ, ಅಲ್ಲೇ. ಮತ್ತೆ ಐದು, ಹೆಚ್ಚುಕಮ್ಮಿ ಅಲ್ಲೇ. ಆ ಕಾಲು ಇಂಚು ನೂರು ಗಜ ದೂರದ ಲೆಕ್ಕ ಕಣ್ರೀ. ಹತ್ತು ಮೀಟರಿಗೆ ಒಂದು ಕ್ಲಿಕ್ ಅಂದರೆ ಸುಮಾರು 0.7 ಮಿಲಿಮೀಟರ್, ಮೂರು ಸೆಂಟಿಮೀಟರ್ ಏರಿಸಲು ನಲವತ್ತಕ್ಕಿಂತ ಹೆಚ್ಚು ಕ್ಲಿಕ್ ಬೇಕು. ಇದನ್ನು ಪಕ್ಕದ ಲೇನಿನ ಹುಡುಗಿ ಹೇಳಿಕೊಟ್ಟಳು, ನಗದೇ ಹೇಳಿದಳು ಅನ್ನೋದೇ ದೊಡ್ಡದು.

ಅದು ಸಣ್ಣ ಎಡವಟ್ಟು. ದೊಡ್ಡದು ಮನೆಯಲ್ಲೇ ಆಗಿಹೋಗಿತ್ತು. ಸ್ಕೋಪನ್ನು ಗನ್ನಿಗೆ ಕೂರಿಸುವ ಎರಡು ಮೌಂಟು, ಆರೆಂಟು ಸ್ಕ್ರೂ, ಒಂದು ಅಲೆನ್ ಕೀ ಒಂದು ಪೊಟ್ಟಣದಲ್ಲಿ ಬಂದಿದ್ದವು. ಎಲ್ಲ ಜೋಡಿಸಿದ ಮೇಲೆ ಕಡಲೆಕಾಳಿನಷ್ಟು ಉದ್ದದ ಒಂದು ಪಿನ್ನು ಉಳಿಯಿತು. ಯಾವುದೋ ಸ್ಪೇರ್ ಇರಬೇಕು ಅಂದುಕೊಂಡು ಟಿವಿ ರಿಮೋಟು, ಹಳೇ ಬ್ಯಾಟರಿ ಇಡುವ ಡ್ರಾಯರಿಗೆ ಎಸೆದೆ. ಗನ್ನಿನ ಮೇಲೆ ಮೌಂಟ್ ಕೂರುವ ಹಳಿಯ ಹಿಂಭಾಗದಲ್ಲಿ ಒಂದು ತೂತು ಇತ್ತು. ನೋಡಿದ್ದೆ. ಕಂಪನಿಯವರು ಏನೋ ಬಿಟ್ಟಿದ್ದಾರೆ ಅಂತ ಸುಮ್ಮನಾದೆ.

ಆ ತೂತು, ಆ ಪಿನ್ನು ಒಂದಕ್ಕೊಂದು ಗಂಡ ಹೆಂಡತಿ. ಇದನ್ನು ಬಿಡಿಸಿ ಹೇಳದಿದ್ದರೆ ನೀವೂ ಬಿಸಾಡುತ್ತೀರಿ. ಟ್ರಿಗರ್ ಎಳೆದಾಗ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ ಮುಂದೆ ನುಗ್ಗುತ್ತದೆ, ಗನ್ ಹಿಂದಕ್ಕೆ ಒದೆಯುತ್ತದೆ. ಇಲ್ಲಿವರೆಗೆ ಎಲ್ಲ ಬಂದೂಕಿನಂತೆಯೇ. ಆದರೆ ಪಿಸ್ಟನ್ ತುದಿಗೆ ಹೋಗಿ ಗುದ್ದಿದ ತಕ್ಷಣ ಗನ್ ಮುಂದಕ್ಕೂ ಜಿಗಿಯುತ್ತದೆ. ಮೇಲಿರುವ ಸ್ಕೋಪಿಗೆ ಇದ್ದಲ್ಲೇ ಇರುವ ಆಸೆ. ಬಸ್ಸು ತಟ್ಟನೆ ಹೊರಟರೆ ನಿಂತವರು ಹಿಂದಕ್ಕೆ ವಾಲಲ್ವಾ, ಹಾಗೆ ಪ್ರತಿ ಹೊಡೆತಕ್ಕೂ ಮೌಂಟು ಕೂದಲೆಳೆಯಷ್ಟು ಹಿಂದೆ ಜಾರುತ್ತದೆ. ಪಿನ್ನು ಆ ತೂತಿನಲ್ಲಿ ಕೂತಿದ್ದರೆ ಜಾರಲ್ಲ. ಇಲ್ಲದಿದ್ದರೆ ಹಿಂದಿನ ಮೌಂಟು ಒಂದಿಷ್ಟು, ಮುಂದಿನದು ಒಂದಿಷ್ಟು ಜಾರಿ ಸ್ಕೋಪಿನ ಮುಖವೇ ತಿರುಗುತ್ತದೆ. ಕಣ್ಣಿಗೆ ಕಾಣಲ್ಲ, ಕೈಯಿಂದ ಅಲ್ಲಾಡಿಸಿದರೂ ಗಟ್ಟಿಯಾಗೇ ಇರುತ್ತೆ. ಪೇಪರಿನ ಮೇಲೆ ಮಾತ್ರ ಗೊತ್ತಾಗುತ್ತೆ.

ನಾನೇನು ಮಾಡಿದೆ? ಒಂದು ಹೊಡೆತ, ನಾಲ್ಕು ಕ್ಲಿಕ್. ಒಂದು ಹೊಡೆತ, ಎಂಟು ಕ್ಲಿಕ್. ಐದು ಪೆಲೆಟ್ ಒಟ್ಟಿಗೆ ಹೊಡೆದು ಗುಂಪು ಎಲ್ಲಿದೆ ಅಂತ ನೋಡುವ ತಾಳ್ಮೆಯೇ ಇರಲಿಲ್ಲ. ಸ್ಕೋಪು ಹಿಂದೆ ಜಾರುತ್ತಿತ್ತು, ನಾನು ಅದರ ಬೆನ್ನು ಹತ್ತಿದ್ದೆ. ಜಾರದಿರಲಿ ಅಂತ ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ತಿರುಗಿಸಿದೆ, ಅಲ್ಯೂಮಿನಿಯಂ ಕೊಳವೆಯ ಮೇಲೆ ರಿಂಗಿನ ತಗ್ಗು ಬಿತ್ತು. ಗುಂಡಿ ಕೊನೆಯ ಕ್ಲಿಕ್ಕಿಗೆ ಹೋಗಿ ನಿಂತಿತು. ಅಷ್ಟು ದೂರ ತಿರುಗಿಸಿದರೆ ಸ್ಕೋಪಿನ ಒಳಗಿನ ಸ್ಪ್ರಿಂಗ್ ಸಡಿಲಾಗಿ, ಗುರಿ ತೋರಿಸುವ ಕೂಡುಗೆರೆ, ಅಂದರೆ ಕ್ರಾಸ್, ನಿಲ್ಲುವುದೇ ಇಲ್ಲ, ಅದೂ ಆಯಿತು. ಮೂರು ಡಬ್ಬಿ ಪೆಲೆಟ್ ಖಾಲಿ. ಕೊನೆಗೆ ಗನ್ನಿನ ಕೊಳವೆಯೇ ಸೊಟ್ಟ ಅಂತ ತೀರ್ಮಾನಿಸಿ ಚಿತ್ರದುರ್ಗದ ಒಬ್ಬ ಹುಡುಗನಿಗೆ ಮಾರಿದೆ.

ಅವನು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಬೆಣ್ಣೆ ದೋಸೆ ತಿನ್ನುತ್ತ ಗನ್ ಕವರಿನ ಜಿಪ್ ಅರ್ಧ ಸರಿಸಿ ನೋಡಿದ. "ಅಣ್ಣ, ಈ ತೂತಿಗೆ ಬರೋ ಪಿನ್ ಎಲ್ಲೈತಿ?" ಅಂದ. ದೋಸೆ ಗಂಟಲಲ್ಲೇ ನಿಂತಿತು. ದುಡ್ಡು ಆಗಲೇ ಜೇಬಿಗೆ ಬಂದಿತ್ತು, ಮಾತು ವಾಪಸ್ ತಗೊಳ್ಳೋಕಾಗುತ್ತಾ? ತಿಂಗಳ ನಂತರ ಒಂದು ಫೋಟೋ ಕಳಿಸಿದ: ಐದು ಪೆಲೆಟ್, ಒಂದು ರೂಪಾಯಿ ನಾಣ್ಯದಲ್ಲಿ ಮುಚ್ಚಿಹೋಗುವ ಗುಂಪು. ಅದೇ ಗನ್ನು. ಸ್ಕೋಪ್ ಇರಲಿಲ್ಲ, ಗನ್ನಿನ ಜೊತೆ ಬಂದ, ಗುರಿ ಹಿಡಿಯುವ ಸೈಟಿನಲ್ಲೇ ಹೊಡೆದಿದ್ದ.

ಈಗ ನಿಮ್ಮ ಐದಾರು ಸಾವಿರದ ವಿಷಯ. ಹತ್ತು ಮೀಟರ್ ರೇಂಜಿಗೆ ಸ್ಕೋಪೇ ಯಾಕೆ? ಕಡಿಮೆ ಬೆಲೆಯ ಸ್ಕೋಪುಗಳಲ್ಲಿ ಬಹಳಷ್ಟು ನೂರು ಗಜಕ್ಕೆ ಫೋಕಸ್ ಕಟ್ಟಿಟ್ಟವು. ಹತ್ತು ಮೀಟರಿಗೆ ಒಂಬತ್ತು ಪಟ್ಟು ಜೂಮ್ ಮಾಡಿದರೆ ಗುರಿ ಮಂಜು ಮಂಜು, ತಲೆ ಚೂರು ಸರಿದರೆ ಕ್ರಾಸೂ ಸರಿಯುತ್ತದೆ. ಸ್ಪರ್ಧೆಯ ಆಸೆಯಿದ್ದರಂತೂ ಸುಮ್ಮನೆ ದಂಡ. ಒಲಿಂಪಿಕ್ಸ್ 10 ಮೀಟರ್ ಏರ್ ರೈಫಲ್‌ನಲ್ಲಿ ದೂರದರ್ಶಕ ಸ್ಕೋಪಿಗೆ ಅವಕಾಶವೇ ಇಲ್ಲ. ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್, ಅದಕ್ಕೆ ಪೀಪ್ ಸೈಟಿನ ಸಣ್ಣ ತೂತಿನಲ್ಲಿ ನೋಡಿಯೇ ಹೊಡೆಯಬೇಕು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಹೊಡೆದದ್ದೂ ಹಾಗೇ. ಸ್ಕೋಪ್ ಮೇಲೆ ಕೈ ಕೂತ ಮೇಲೆ ಪೀಪಿಗೆ ಬರುವುದು ಎಷ್ಟು ಕಷ್ಟ ಅಂತ ನನ್ನ ಕೇಳಿ, ಈಗ ಆ ಕಷ್ಟದಲ್ಲೇ ಇದ್ದೇನೆ. ಹೊಲದಲ್ಲಿ ಹಕ್ಕಿ ಹೊಡೆಯಲು ಸ್ಕೋಪ್ ಬೇಕಾಗಿದ್ದರೆ ನನ್ನ ಬಳಿ ಉತ್ತರವಿಲ್ಲ, ಅದಕ್ಕೆ ವನ್ಯಜೀವಿ ಕಾಯ್ದೆ ಇದೆ.

ಇಲ್ಲ, ಹಾಕಿದ ಸ್ಕೋಪು ಹಾಕಿಯಾಯಿತು, ಅದೇ ಇರಲಿ ಅಂತೀರಾ? ಸರಿ. ಇವತ್ತು ರಾತ್ರಿ ಎರಡೂ ಮೌಂಟಿನ ಹಿಂದೆ ಹಳಿಯ ಮೇಲೆ ಪೆನ್ಸಿಲಿನಲ್ಲಿ ಒಂದೊಂದು ಗೆರೆ ಎಳೆಯಿರಿ. ನಾಳೆ ರೇಂಜಿನಲ್ಲಿ ಗುಂಡಿ ಮುಟ್ಟದೆ ಇಪ್ಪತ್ತು ಹೊಡೆಯಿರಿ, ಮುಂದಿನ ಕೈಯಲ್ಲಿ ಗನ್ನನ್ನು ಹಿಡಿಯದೆ ಅಂಗೈ ಮೇಲೆ ಸುಮ್ಮನೆ ಮಲಗಿಸಿ. ಮೌಂಟು ಗೆರೆಯನ್ನು ನುಂಗಿದ್ದರೆ ಹೊಸ ಸ್ಕೋಪ್ ಕೊಂಡರೂ ಅದೂ ಜಾರುತ್ತೆ. ಗೆರೆ ಹಾಗೇ ಇದ್ದು ಗುಂಪು ಇನ್ನೂ ಚದುರಿದ್ದರೆ ಸ್ಕೋಪ್ ಬಿಚ್ಚಿಟ್ಟು ಗನ್ನಿನ ಸೈಟಿನಲ್ಲಿ ಇನ್ನಿಪ್ಪತ್ತು ಹೊಡೆದು, ಎರಡೂ ಪೇಪರಿನ ಫೋಟೋ ಇಲ್ಲಿ ಹಾಕಿ. ಮೌಂಟ್ ಬಂದ ಪೊಟ್ಟಣವನ್ನು ಮಾತ್ರ ಅದಕ್ಕೂ ಮೊದಲು ಹುಡುಕಿ. ನನ್ನ ಪಿನ್ನು ಈಗಲೂ ಆ ಡ್ರಾಯರಿನಲ್ಲೇ ಇದೆ, ಬ್ಯಾಟರಿ ಹುಡುಕುವಾಗಲೆಲ್ಲ ಕೈಗೆ ಸಿಗುತ್ತೆ.